ತೀರ್ಪನ್ನು ಕೊನೆಯ ಪುಟದಿಂದ ಓದಲು ಕಲಿತದ್ದು

ನಾನು ವಕೀಲ ಅಲ್ಲ. ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರ. ವ್ಯಾಟ್ ಕಾಲದಲ್ಲಿ ಈ ಕೆಲಸ ಶುರು ಮಾಡಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಲ್ಲವನ್ನೂ ಮತ್ತೆ ಒಂದನೇ ಕ್ಲಾಸಿನಿಂದ ಕಲಿತ ಹಾಗಾಯಿತು. ಹೈಕೋರ್ಟಿನಲ್ಲಿ ನಿಂತು ವಾದ ಮಾಡುವ ಅಧಿಕಾರ ನನಗಿಲ್ಲ, ಆದರೆ ಹೈಕೋರ್ಟ್ ಏನು ಹೇಳಿದೆ ಅನ್ನುವುದನ್ನು ಅಧಿಕಾರಿಯ ಟೇಬಲ್ ಮೇಲೆ ಇಡುವುದು ನನ್ನ ದಿನದ ಕೆಲಸ. ಆ ಕೆಲಸವನ್ನು ನಾನು ಎಷ್ಟೋ ವರ್ಷ ಅರ್ಧಂಬರ್ಧ ಮಾಡುತ್ತಿದ್ದೆ. ಒಂದು ಪೈಪ್ ಅಂಗಡಿಯ ಕೇಸು ಅದನ್ನು ಬಿಡಿಸಿ ತೋರಿಸಿತು.

2024ರ ಮೇ ಕೊನೆ. 2019-20ನೇ ಸಾಲಿಗೆ ನೋಟಿಸ್ ಕೊಡಲು ಇಲಾಖೆಗೆ ಕೊನೆಯ ದಿನಗಳು, ಹಾಗಾಗಿ ಮಳೆ ಸುರಿದ ಹಾಗೆ ನೋಟಿಸ್ ಬರುತ್ತಿದ್ದವು. ಅದರಲ್ಲಿ ಒಂದು, ಬೋರ್‌ವೆಲ್ ಪೈಪ್ ಮಾರುವ ನನ್ನ ಹಳೇ ಗಿರಾಕಿಯದ್ದು. ಅವರು 3ಬಿ ರಿಟರ್ನಿನಲ್ಲಿ, ಸರಕು ಕೊಂಡಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು, ತೆಗೆದುಕೊಂಡ ಕ್ರೆಡಿಟ್‌ಗಿಂತ 2ಎಯಲ್ಲಿ, ಅಂದರೆ ಮಾರಿದವರ ರಿಟರ್ನಿನಿಂದ ತಾನಾಗಿ ತಯಾರಾಗುವ ಪಟ್ಟಿಯಲ್ಲಿ, ಕಾಣುವ ಕ್ರೆಡಿಟ್ ಕಡಿಮೆ ಇದೆ, ವ್ಯತ್ಯಾಸ 3,18,400 ರೂಪಾಯಿ, ಅದನ್ನು ಬಡ್ಡಿ ದಂಡ ಸಮೇತ ಕಟ್ಟಿ ಅಂತ. ಐದು ಬಿಲ್ಲು, ಐದೂ ಹುಬ್ಬಳ್ಳಿಯ ಒಬ್ಬರೇ ಸಗಟು ವ್ಯಾಪಾರಿಯದ್ದು. ನಮ್ಮ ಗಿರಾಕಿ ಸಾಹುಕಾರರು ಹಣವನ್ನೆಲ್ಲ ಬ್ಯಾಂಕ್ ಮೂಲಕವೇ ಕೊಟ್ಟಿದ್ದರು, ತೆರಿಗೆ ಸೇರಿಸಿ.

ನಾನು ಏನು ಮಾಡಿದೆ? ಹುಬ್ಬಳ್ಳಿಯವರು ರಿಟರ್ನ್ ಹಾಕಿಲ್ಲ ಅಂತ ಅಂದಾಜು ಮಾಡಿಕೊಂಡೆ. ಫೋನ್ ಕೂಡ ಮಾಡಲಿಲ್ಲ. ಆಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕಲ್ಕತ್ತಾ ಹೈಕೋರ್ಟಿನ ಸನ್‌ಕ್ರಾಫ್ಟ್ ಎನರ್ಜಿ ತೀರ್ಪು ಜೋರಾಗಿ ಓಡಾಡುತ್ತಿತ್ತು. 2023ರ ಆಗಸ್ಟ್‌ನದ್ದು. ಮಾರಿದವನ ಮೇಲೆ ಮೊದಲು ಕ್ರಮ ತಗೊಳ್ಳಿ, ತೀರಾ ಅಪರೂಪದ ಸಂದರ್ಭ ಬಿಟ್ಟರೆ ಕೊಂಡವನ ಕ್ರೆಡಿಟ್ ಕಿತ್ತುಕೊಳ್ಳಬೇಡಿ ಅನ್ನುವ ಅರ್ಥದ್ದು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಅರ್ಜಿ ವಜಾ ಮಾಡಿತ್ತು. ‘ಸುಪ್ರೀಂ ಕೋರ್ಟೇ ಒಪ್ಪಿದೆ’ ಅಂತ ಉತ್ತರದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ.

ಆಗಸ್ಟ್ 20ಕ್ಕೆ ಆದೇಶ ಬಂತು. ಪೂರ್ತಿ ನಮ್ಮ ವಿರುದ್ಧ. ಅಧಿಕಾರಿ ಪಾಟ್ನಾ ಹೈಕೋರ್ಟಿನ ಆಸ್ಥಾ ಎಂಟರ್‌ಪ್ರೈಸಸ್ ತೀರ್ಪನ್ನು ಎದುರಿಗೆ ಇಟ್ಟಿದ್ದರು. ಅದೂ 2023ರದ್ದೇ. ಮಾರಿದವನು ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿಲ್ಲ ಅಂದರೆ ಕೊಂಡವನಿಗೆ ಕ್ರೆಡಿಟ್ ಇಲ್ಲ ಅನ್ನುವುದು ಅದರ ತಿರುಳು. ಎರಡೂ ಬೇರೆ ರಾಜ್ಯದ ಹೈಕೋರ್ಟುಗಳು, ಎರಡರಲ್ಲಿ ಯಾವುದೂ ನಮ್ಮ ಅಧಿಕಾರಿಯ ಕೈ ಕಟ್ಟುವುದಿಲ್ಲ. ಇನ್ನು ಸುಪ್ರೀಂ ಕೋರ್ಟ್ ವಿಷಯ. ಆ ಆದೇಶವನ್ನು ಆಮೇಲೆ ತೆಗೆದು ಓದಿದರೆ ಕೆಲವೇ ಸಾಲು. ಬೇಡಿಕೆಯ ಮೊತ್ತ ಕಡಿಮೆ ಇರುವುದನ್ನು ನೋಡಿ ಮಧ್ಯೆ ಪ್ರವೇಶ ಮಾಡುವುದಿಲ್ಲ ಅಂದಿದ್ದಾರೆ ಅಷ್ಟೇ. ಬಾಗಿಲಲ್ಲೇ ಅರ್ಜಿ ವಜಾ ಆಯಿತು ಅಂದರೆ ಕೆಳಗಿನ ತೀರ್ಪಿನ ಕಾರಣಗಳನ್ನು ಒಪ್ಪಿದರು ಅಂತ ಅರ್ಥ ಆಗುವುದಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಓದದೇ ಬರೆದಿದ್ದೆ. ಸಾಹುಕಾರರ ಮುಖ ನೋಡಲು ಅವತ್ತು ನಿಜವಾಗಿ ಕಷ್ಟ ಆಯಿತು.

ಮೇಲ್ಮನವಿಗೆ ಮೂರು ತಿಂಗಳು ಸಮಯ, ಅದರ ಮೇಲೆ ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ಈ ಸಲ ತೀರ್ಪು ಹುಡುಕುವ ಮೊದಲು ಬಿಲ್ಲು ಹುಡುಕಿದೆ. ಹುಬ್ಬಳ್ಳಿಗೆ ಫೋನ್ ಮಾಡಿದೆ. ಅವರು ಬೇಜಾರಿಂದಲೇ ಹೇಳಿದರು, ‘ನಾವು ರಿಟರ್ನ್ ಹಾಕೀವಿ ಸರ್, ತೆರಿಗಿ ಕಟ್ಟೀವಿ, ಬೇಕಾದ್ರ ಬಂದು ನೋಡ್ರಿ.’ ಹೋದೆ. ಅವರ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ರಿಟರ್ನ್) ಪ್ರಿಂಟ್ ಒಂದು ಕಡೆ, ನಮ್ಮ ಬಿಲ್ಲು ಇನ್ನೊಂದು ಕಡೆ ಇಟ್ಟುಕೊಂಡು ಸ್ಕೇಲ್ ಅಡಿಯಲ್ಲಿ ಒಂದೊಂದೇ ಸಾಲು ನೋಡುತ್ತಾ ಹೋದೆ. ಬಿಲ್ ನಂಬರ್ ಸರಿ. ತಾರೀಖು ಸರಿ. ಮೊತ್ತ ಪೈಸೆಗೆ ಪೈಸೆ ಸರಿ. ಆಮೇಲೆ ಜಿಎಸ್‌ಟಿ ನಂಬರ್. ಹದಿನೈದು ಅಕ್ಷರ ಇರುತ್ತದಲ್ಲ, ಮೊದಲ ಎರಡು 29, ಅದು ಕರ್ನಾಟಕ, ಹಾಗಾಗಿ ಸರಿ. ಮುಂದಿನ ಹತ್ತು ಪ್ಯಾನ್ ನಂಬರ್. ಅಲ್ಲಿ ಮೂರನೇ ಅಕ್ಷರಕ್ಕೇ ಸ್ಕೇಲ್ ನಿಂತುಬಿಟ್ಟಿತು. ಅದು ನಮ್ಮವರ ಪ್ಯಾನ್ ಅಲ್ಲ. ಚಿತ್ರದುರ್ಗದಲ್ಲಿ ಅದೇ ದೇವರ ಹೆಸರಿನ ಇನ್ನೊಂದು ಪೈಪ್ ಅಂಗಡಿ ಇದೆ, ಅವರೂ ಹುಬ್ಬಳ್ಳಿಯವರ ಗಿರಾಕಿ. ರಿಟರ್ನ್ ತುಂಬುವಾಗ ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಸಾಲು ಕೆಳಗಿನ ಹೆಸರನ್ನು ಒತ್ತಿದ್ದಾರೆ. ಐದು ಸಲವೂ.

ಅಂದರೆ ತೆರಿಗೆ ಸರ್ಕಾರಕ್ಕೆ ಹೋಗಿದೆ. ಬೇರೆಯವರ ಹೆಸರಿಗೆ ಬಿದ್ದಿದೆ. ನಾನು ವಾದಿಸಿದ್ದು ತೆರಿಗೆ ಹೋಗದ ಕೇಸನ್ನು! ಸನ್‌ಕ್ರಾಫ್ಟ್, ಆಸ್ಥಾ ಎರಡೂ ನಮ್ಮ ಕೇಸಿಗೆ ಸಂಬಂಧವೇ ಇಲ್ಲದವು.

ಇಲ್ಲಿಂದ ಮುಂದೆ ನಾನು ತೀರ್ಪು ಹುಡುಕಿದ ರೀತಿ ಬದಲಾಯಿತು, ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕರ್ನಾಟಕ ಹೈಕೋರ್ಟಿನ ವೆಬ್‌ಸೈಟಿನಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ. ಕೇಸ್ ನಂಬರಿನ ಪಕ್ಕದಲ್ಲಿ ಒಂದು ಚಿಕ್ಕ ಗುರುತು ಇರುತ್ತದೆ, ತೆರಿಗೆಯ ರಿಟ್ ಅರ್ಜಿಗಳಿಗೆ ಹೆಚ್ಚಾಗಿ ಟಿ-ರೆಸ್ ಅಂತ. ನಂಬರ್ ಒಂದು ಲಕ್ಷದ ಮೇಲೆ ಶುರುವಾದರೆ ಅದು ಧಾರವಾಡ ಪೀಠದ್ದು, ಎರಡು ಲಕ್ಷದ ಮೇಲೆ ಶುರುವಾದರೆ ಕಲಬುರಗಿ. ದಾವಣಗೆರೆ, ಚಿತ್ರದುರ್ಗದ ಕೇಸುಗಳು ಬೆಂಗಳೂರಿಗೆ ಹೋಗುತ್ತವೆ, ಹರಿಹರದಲ್ಲಿ ತುಂಗಭದ್ರೆ ದಾಟಿ ಕುಮಾರಪಟ್ಟಣಂ ಕಡೆ ಕಾಲಿಟ್ಟರೆ ಹಾವೇರಿ ಜಿಲ್ಲೆ, ಅಲ್ಲಿಯವು ಧಾರವಾಡಕ್ಕೆ. ನಮಗೂ ದೂರದಲ್ಲಿ ಧಾರವಾಡವೇ ಹತ್ತಿರ, ಅದು ಬೇರೆ ಮಾತು. ಈ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಬಂದು 2013ರಲ್ಲಿ ಕಾಯಂ ಆದವು. ಧಾರವಾಡದ ತೀರ್ಪು ನಮಗೆ ನಡೆಯುವುದಿಲ್ಲ ಅಂತ ಹೇಳುವವರನ್ನು ನಾನು ಕಂಡಿದ್ದೇನೆ, ಅದು ತಪ್ಪು. ಮೂರೂ ಸೇರಿ ಒಂದೇ ಹೈಕೋರ್ಟ್. ನೋಡಬೇಕಾದ್ದು ಒಬ್ಬ ನ್ಯಾಯಮೂರ್ತಿಯ ತೀರ್ಪಾ, ಇಬ್ಬರ ವಿಭಾಗೀಯ ಪೀಠದ್ದಾ, ಅದರ ಮೇಲೆ ರಿಟ್ ಮೇಲ್ಮನವಿ ಏನಾದರೂ ಆಗಿದೆಯಾ ಅನ್ನುವುದನ್ನು.

ಆಮೇಲೆ ಕೊನೆಯ ಪುಟ. ನಾನು ಈಗ ಯಾವ ತೀರ್ಪನ್ನೂ ಮೊದಲು ಕೊನೆಯ ಪುಟದಿಂದಲೇ ತೆರೆಯುತ್ತೇನೆ. ಯಾಕಂದರೆ ‘ಅರ್ಜಿ ಪುರಸ್ಕರಿಸಲಾಗಿದೆ’ ಅಂತ ಇರುವ ತೀರ್ಪುಗಳಲ್ಲಿ ತುಂಬಾ ಸಲ ಆಗಿರುವುದು ಇಷ್ಟೇ: ಆದೇಶ ರದ್ದು, ಮತ್ತೆ ವಿಚಾರಣೆ ಮಾಡಿ ಅಂತ ಅದೇ ಅಧಿಕಾರಿಗೆ ವಾಪಸ್. ಅಲ್ಲಿ ಕಾನೂನಿನ ಪ್ರಶ್ನೆಯೇ ತೀರ್ಮಾನ ಆಗಿರುವುದಿಲ್ಲ. ಕೊನೆಯಲ್ಲಿ ಕೋರ್ಟ್ ಏನು ಕೊಟ್ಟಿದೆ ನೋಡಿ, ಆಮೇಲೆ ಮೊದಲ ಪುಟಕ್ಕೆ ಬಂದು ಸಂಗತಿಗಳನ್ನು ಓದಿ, ನಮ್ಮ ಬಿಲ್ಲಿಗೆ ಹೊಂದುತ್ತದಾ ಅಂತ ತಾಳೆ ನೋಡಬೇಕು.

ಹಾಗೆ ಸಿಕ್ಕಿದ್ದು ವಿಪ್ರೋ ತೀರ್ಪು. ನಮ್ಮದೇ ಹೈಕೋರ್ಟ್, 2023ರ ಜನವರಿ. ಅಲ್ಲೂ ಕೊಂಡವರ ಜಿಎಸ್‌ಟಿ ನಂಬರ್ ತಪ್ಪಾಗಿ ಬೇರೆ ಕಂಪನಿಯದ್ದು ನಮೂದಾಗಿತ್ತು. ಕೆಲವೇ ದಿನ ಮೊದಲು, 2022ರ ಡಿಸೆಂಬರ್ 27ಕ್ಕೆ, ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 183ನೇ ಸುತ್ತೋಲೆ ಹೊರಡಿಸಿತ್ತು. ಇಂಥ ತಪ್ಪಿಗೆ ಕ್ರೆಡಿಟ್ ಹೇಗೆ ಕೊಡಬೇಕು ಅಂತ ಅದರಲ್ಲಿದೆ, ಆದರೆ 2017-18 ಮತ್ತು 2018-19ಕ್ಕೆ ಮಾತ್ರ. ಕೋರ್ಟ್, ತಪ್ಪು ಒಂದೇ ಥರದ್ದು, ಹಾಗಾಗಿ 2019-20ಕ್ಕೂ ಇದೇ ದಾರಿ ಅನುಸರಿಸಿ ಅಂತ ಹೇಳಿತು. ನಮ್ಮದೇ ವರ್ಷ! ಆ ರಾತ್ರಿ ಅದನ್ನು ನಾಲ್ಕು ಸಲ ಓದಿದೆ.

ಆದರೆ ಈ ಸಲ ನನಗೆ ನಾನೇ ಎದುರು ಪಕ್ಷದ ವಕೀಲನಾದೆ. ಅಲ್ಲಿ ಕೋರ್ಟಿಗೆ ಹೋದವರು ಮಾರಿದವರು, ಇಲ್ಲಿ ನಾವು ಕೊಂಡವರು. ಇದು ವ್ಯತ್ಯಾಸವೇ, ಆದರೆ ಸುತ್ತೋಲೆಯ ಅನುಕೂಲ ಕೊನೆಗೆ ಮುಟ್ಟುವುದು ಕೊಂಡವರಿಗೇ, ಹಾಗಾಗಿ ದಾಟಬಹುದು. ಎರಡನೆಯದು ಗಟ್ಟಿ. ಆ ತೀರ್ಪು ಬಂದ ಮೇಲೆ, 2023ರ ಜುಲೈ 17ಕ್ಕೆ, 193ನೇ ಸುತ್ತೋಲೆ ಬಂದಿದೆ. ಅದರ ಪ್ರಕಾರ 2019ರ ಅಕ್ಟೋಬರ್ 8ರವರೆಗಿನ ಬಿಲ್ಲುಗಳಿಗೆ ಹಳೇ ಸುತ್ತೋಲೆಯೇ ಪೂರ್ತಿ ಅನ್ವಯ. ಆಮೇಲಿನದಕ್ಕೆ ಮಿತಿ ಇದೆ, 2ಎಯಲ್ಲಿ ಕಾಣದ ಬಿಲ್ಲಿಗೆ ಸಿಗುವುದು, ಅಲ್ಲಿ ಕಾಣುವ ಅರ್ಹ ಕ್ರೆಡಿಟ್‌ನ ಮೊದಲು ಶೇ 20ರಷ್ಟು, 2020ರ ಜನವರಿಯಿಂದ ಶೇ 10ರಷ್ಟು ಮಾತ್ರ. ನಮ್ಮ ಐದರಲ್ಲಿ ಮೂರು ಬಿಲ್ಲು ಜೂನ್‌ನಿಂದ ಸೆಪ್ಟೆಂಬರ್ ಒಳಗಿನವು, ತೆರಿಗೆ 2,04,600. ಇನ್ನೆರಡು ಜನವರಿಯವು, 1,13,800. ಆ ತಿಂಗಳು 2ಎಯಲ್ಲಿ 4,10,000 ಕ್ರೆಡಿಟ್ ಇತ್ತು, ಅದರ ಶೇ 10 ಅಂದರೆ 41,000. ಉಳಿದ 72,800 ರೂಪಾಯಿಗೆ ಮಾತ್ರ ನಮಗೆ ತೀರ್ಪಿನ ಆಸರೆ ಬೇಕು, ಬಾಕಿ 2,45,600ಕ್ಕೆ ಸುತ್ತೋಲೆಯೇ ಸಾಕು. ಮೂರು ಲಕ್ಷದ ಜಗಳ ಹೀಗೆ ಬಿಡಿಸಿದಾಗ ಎಪ್ಪತ್ತೆರಡು ಸಾವಿರಕ್ಕೆ ಇಳಿಯಿತು.

ಕಾಗದಪತ್ರ ಜಾಸ್ತಿ ಏನಿಲ್ಲ. ಒಬ್ಬ ಮಾರಾಟಗಾರನಿಂದ ವರ್ಷಕ್ಕೆ ವ್ಯತ್ಯಾಸ 5 ಲಕ್ಷ ದಾಟಿದರೆ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು. ಅದರೊಳಗಿದ್ದರೆ ಮಾರಿದವರದ್ದೇ ಪ್ರಮಾಣಪತ್ರ ಸಾಕು. ಹುಬ್ಬಳ್ಳಿಯವರು ಕೊಟ್ಟರು. ಚಿತ್ರದುರ್ಗದ ಅಂಗಡಿಯವರು ಆ ಐದು ಬಿಲ್ಲಿನ ಕ್ರೆಡಿಟ್ ತಗೊಂಡಿಲ್ಲ ಅಂತ ಒಂದು ಪತ್ರ ಬೇಕು ಅನ್ನಿಸಿತು. ಸುತ್ತೋಲೆ ಇದನ್ನು ನಮ್ಮಿಂದ ಕೇಳುವುದಿಲ್ಲ. ಆ ನಂಬರಿನವರ ಅಧಿಕಾರಿಗೆ ನಮ್ಮ ಅಧಿಕಾರಿ ತಿಳಿಸಬೇಕು, ಅದು ಆಗುವ ತನಕ ನಮ್ಮ ಕ್ರೆಡಿಟ್ ತಡೆಯಬಾರದು ಅಂತಲೇ ಇದೆ. ಆದರೂ ಒಂದೇ ತೆರಿಗೆಗೆ ಇಬ್ಬರು ಕ್ರೆಡಿಟ್ ತಗೊಂಡಿದ್ದಾರಾ ಅನ್ನುವ ಅನುಮಾನ ಓದುವವರ ಮನಸ್ಸಲ್ಲಿ ಬಂದೇ ಬರುತ್ತದೆ, ಅಲ್ವಾ? ಸಾಹುಕಾರರನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಹೋದೆ. ಆ ಅಂಗಡಿಯವರು ಮೊದಲು ಹೆದರಿದರು, ತಮ್ಮ ಮೇಲೆ ಏನಾದರೂ ಬರುತ್ತದಾ ಅಂತ. ಅವರ ರಿಟರ್ನ್ ಅವರ ಎದುರೇ ತೆಗೆದು ತೋರಿಸಿದ ಮೇಲೆ ಲೆಟರ್‌ಹೆಡ್ ಮೇಲೆ ಸಹಿ ಹಾಕಿಕೊಟ್ಟರು. ನನ್ನ ಪ್ರಕಾರ ಇಡೀ ಫೈಲಿನಲ್ಲಿ ಜಾಸ್ತಿ ಕೆಲಸ ಮಾಡಿದ್ದು ಆ ಒಂದು ಹಾಳೆ.

ನಡುವೆ ಒಂದು ಮಾತು. ಚಳ್ಳಕೆರೆ ಕಡೆಯ ನೆಂಟರೊಬ್ಬರು ಜಮೀನಿನ ತೀರ್ಪು ಹಿಡಿದು ಬಂದಿದ್ದರು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ವಿಷಯ. ಜಮೀನು ವಾಪಸ್ ಕೇಳಿ ತೀರಾ ತಡವಾಗಿ ಬಂದ ಅರ್ಜಿ ನಡೆಯುವುದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ಹೇಳಿತ್ತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸೇರಿಸಿತು. ಅದಾದ ಮೇಲೂ ವಿಳಂಬದ ಪ್ರಶ್ನೆ ಹೈಕೋರ್ಟಿಗೆ ಹೋಗಿದೆ. ಅವರು ತಂದಿದ್ದ ತೀರ್ಪು 2019ರದ್ದು, ತಿದ್ದುಪಡಿಗಿಂತ ಹಿಂದಿನದು. ‘ತಾರೀಖು ನೋಡಿ, ಜಮೀನು ವಕೀಲರ ಹತ್ತಿರ ಹೋಗಿ’ ಅಂದೆ. ಅಷ್ಟು ಹೇಳಲು ನನಗೆ ಈ ಪೈಪ್ ಕೇಸೇ ಧೈರ್ಯ ಕೊಟ್ಟಿದ್ದು.

ಮೇಲ್ಮನವಿ ನವೆಂಬರ್ ಮೊದಲ ವಾರ ಹಾಕಿದೆವು. ವಿವಾದದ ತೆರಿಗೆಯ ಶೇ 10 ಮುಂಗಡ, 31,840 ರೂಪಾಯಿ. ಅದೇ ಹೊತ್ತಿಗೆ ಜಿಎಸ್‌ಟಿ ಕಾಯ್ದೆಯ 128ಎ ಸೆಕ್ಷನ್ನಿನ ಮಾಫಿ ಯೋಜನೆ ಜಾರಿಗೆ ಬಂದಿತ್ತು. 2025ರ ಮಾರ್ಚ್ 31ರೊಳಗೆ ತೆರಿಗೆ ಪೂರ್ತಿ ಕಟ್ಟಿದರೆ ಬಡ್ಡಿ, ದಂಡ ಮಾಫಿ, ಆದರೆ ಮೇಲ್ಮನವಿ ವಾಪಸ್ ತಗೋಬೇಕು. ಸಾಹುಕಾರರು ಎರಡು ದಿನ ಯೋಚನೆ ಮಾಡಿದರು. ‘ಕಟ್ಟಿದ ತೆರಿಗೀನೇ ಮತ್ತೆ ಯಾಕೆ ಕಟ್ಲಿ?’ ಅಂದರು. ನನಗೆ ಸೆಕ್ಷನ್ ಓದುವಾಗ ಒಂದು ದಾರಿ ಕಂಡಿತು. ಮೇಲ್ಮನವಿಯ ಆದೇಶ ಆದ ಮೇಲೂ ಆ ಯೋಜನೆಗೆ ಹೋಗಬಹುದು. ಅಂದರೆ ಮಾರ್ಚ್ ಒಳಗೆ ತೀರ್ಮಾನ ಬಂದರೆ, ಸೋತ ಭಾಗಕ್ಕೆ ಬರೀ ತೆರಿಗೆ ಕಟ್ಟಿ ಮುಗಿಸಬಹುದು. ಬೇಗ ವಿಚಾರಣೆ ಕೊಡಿ ಅಂತ ಕಾರಣ ಬರೆದು ಅರ್ಜಿ ಕೊಟ್ಟೆ. ಫೆಬ್ರವರಿಯಲ್ಲಿ ಕರೆದರು.

ವಿಚಾರಣೆಯಲ್ಲಿ ನಾನು ಮಾತಾಡಿದ್ದು ಕಮ್ಮಿ. ಒಂದೇ ಹಾಳೆಯಲ್ಲಿ ಐದು ಬಿಲ್ಲು, ಪಕ್ಕದಲ್ಲಿ ಹುಬ್ಬಳ್ಳಿಯವರ ರಿಟರ್ನಿನ ಸಾಲು, ತಪ್ಪಿದ ನಂಬರಿಗೆ ಕೆಂಪು ಗೆರೆ. ತೀರ್ಪಿನ ಪೂರ್ತಿ ಪ್ರತಿ ಕೊಟ್ಟೆ, ಬೇಕಾದ ಪ್ಯಾರಾಕ್ಕೆ ಚೀಟಿ ಅಂಟಿಸಿ. 193ನೇ ಸುತ್ತೋಲೆ ನಮಗೆ ಪೂರ್ತಿ ಅನುಕೂಲ ಅಲ್ಲ, ಆದರೂ ನಾನೇ ಇಟ್ಟೆ. ಮುಚ್ಚಿಟ್ಟರೆ ಅವರೇ ತೆಗೆಯುತ್ತಾರೆ, ಆಮೇಲೆ ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಮಾರ್ಚ್ ಎರಡನೇ ವಾರ ಆದೇಶ ಬಂತು. 2,45,600 ರೂಪಾಯಿ ಕ್ರೆಡಿಟ್ ಉಳಿಯಿತು. 72,800 ಹೋಯಿತು. ತೀರ್ಪು ಬಂದ ಮೇಲೆ ಸುತ್ತೋಲೆ ಅದೇ ವರ್ಷಕ್ಕೆ ಬೇರೆ ಮಿತಿ ಹಾಕಿದೆ, ಹಾಗಾಗಿ ಮಿತಿ ದಾಟಿದ್ದು ಕೊಡಲು ಆಗುವುದಿಲ್ಲ ಅಂತ ಬರೆದಿದ್ದರು. ನಾನು ಇದನ್ನು ಈಗಲೂ ಒಪ್ಪುವುದಿಲ್ಲ. ಸುತ್ತೋಲೆ ಇಲಾಖೆಯ ಕೈ ಕಟ್ಟಬಹುದು, ಹೈಕೋರ್ಟ್ ಹೇಳಿದ್ದನ್ನು ಅಳಿಸಲು ಆಗಬಾರದು. ಬೆಂಗಳೂರಿಗೆ ಹೋಗೋಣವಾ ಅಂತ ಸಾಹುಕಾರರನ್ನು ಕೇಳಿದೆ. ವಕೀಲರ ಫೀಸು, ಓಡಾಟ ಎಲ್ಲ ಲೆಕ್ಕ ಹಾಕಿ ಬೇಡ ಅಂದರು. ಅವರು ಹೇಳಿದ್ದೂ ಸರಿಯೇ. ಮುಂಗಡ ಕಟ್ಟಿದ್ದ 31,840 ಕಳೆದು 40,960 ರೂಪಾಯಿಯನ್ನು ಮಾರ್ಚ್ 26ಕ್ಕೆ ಕಟ್ಟಿದೆವು. ಐದು ವರ್ಷದ ಬಡ್ಡಿಯೇ 65 ಸಾವಿರ ದಾಟುತ್ತಿತ್ತು, ಅದೂ ದಂಡವೂ ಮಾಫಿಗೆ ಅರ್ಜಿ ಹಾಕಿದ್ದಾಯಿತು.

ಹುಬ್ಬಳ್ಳಿಯವರು ತಮ್ಮ ಕಂಪ್ಯೂಟರಿನಲ್ಲಿ ಎರಡೂ ಅಂಗಡಿಯ ಹೆಸರಿನ ಮುಂದೆ ಊರಿನ ಹೆಸರು ಸೇರಿಸಿದ್ದಾರೆ. ನಮ್ಮ ಸಾಹುಕಾರರ ಮಗ ಪ್ರತಿ ತಿಂಗಳು 14ಕ್ಕೆ 2ಬಿ (2ಎ ಥರದ್ದೇ ತಿಂಗಳ ಕ್ರೆಡಿಟ್ ಪಟ್ಟಿ) ತೆರೆದು, ಬಿಲ್ಲಿನ ಫೈಲು ಪಕ್ಕದಲ್ಲಿಟ್ಟುಕೊಂಡು ಕೂರುತ್ತಾನೆ. ಹೋದ ತಿಂಗಳು ಒಂದು ಬಿಲ್ಲು ಕಾಣದೆ ನನಗೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ. ಮರುದಿನ ಬೆಳಿಗ್ಗೆ ಮಾರಿದವರಿಗೆ ಹೇಳಿ ಸರಿ ಮಾಡಿಸಿದೆವು.