ಡೋಸ್ ಏರಿಸುವ ಮೊದಲು ಸೆನ್ಸರ್: ನನ್ನ ಅನುಭವ

ಉಬ್ಬಸದ ರೋಗಿಗಳ ಇನ್ಹೇಲರ್‌ಗಳಿಗೆ, ಪ್ರತಿ ಪಫ್ ಒತ್ತಿದ ಹೊತ್ತನ್ನು ದಾಖಲಿಸುವ ಸೆನ್ಸರ್ ಕೂರಿಸಲು ನಾನು ಹೊರಟಾಗ ಸಹೋದ್ಯೋಗಿಗಳು ಕೇಳಿದ್ದು ಒಂದೇ ಪ್ರಶ್ನೆ: "ರೋಗಿಯನ್ನೇ ಕೇಳಿದರೆ ಸಾಲದೆ?" ಸಾಲದು. "ದಿನವೂ ತಪ್ಪಿಸುವುದಿಲ್ಲ ಡಾಕ್ಟರೇ" ಎಂದವರ ದಾಖಲೆಯಲ್ಲಿ ವಾರಕ್ಕೆ ಮೂರು ಪಫ್ ಇದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆಂದು ನಂಬಿದ್ದರು. ಅಂದು ಅನುಮಾನಿಸಿದವರೇ ಇಂದು ತಮ್ಮ ಕಷ್ಟದ ರೋಗಿಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಮೊದಲ ಕಂತಿನಲ್ಲಿ ಸುಮಾರು 25 ಸೆನ್ಸರ್ ತರಿಸಿದೆ. ಒಂದೊಂದರ ಬೆಲೆಯೂ ಹಲವು ತಿಂಗಳ ಔಷಧಿಯ ಖರ್ಚಿಗೆ ಸಮ. ಎರಡು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೌನವಾದವು. ಕ್ಯಾನಿಸ್ಟರ್ (ಇನ್ಹೇಲರ್‌ನೊಳಗಿನ ಔಷಧಿಯ ಡಬ್ಬಿ) ಖಾಲಿಯಾದಾಗ ಕೆಲವರು ಸೆನ್ಸರ್ ಸಮೇತ ಎಸೆದಿದ್ದರು. ಕೆಲವರ ಮೊಬೈಲ್ ಬ್ಯಾಟರಿ ಉಳಿಸಲೆಂದು ಆ್ಯಪ್ ಅನ್ನು ತಾನೇ ಮುಚ್ಚಿಬಿಡುತ್ತಿತ್ತು. ಒಂದು ಮನೆಯಲ್ಲಿ ಅಣ್ಣನ ಪಫ್‌ಗಳು ತಂಗಿಯ ಹೆಸರಿನಲ್ಲಿ ಬಿದ್ದಿದ್ದವು. ಆ ಹಣ ಹೋದದ್ದು ಇಂದಿಗೂ ಹೊಟ್ಟೆ ಉರಿಸುತ್ತದೆ. ಆಮೇಲೆ ಕೊಡುವುದನ್ನೇ ನಿಲ್ಲಿಸಿ, ಎಂಟರಿಂದ ಹನ್ನೆರಡು ವಾರಕ್ಕೆ ಎರವಲು ಕೊಡತೊಡಗಿದೆ. ನಮ್ಮ ಸೆನ್ಸರ್ ದಾಖಲೆಯನ್ನು ತನ್ನೊಳಗೇ ಇಟ್ಟುಕೊಳ್ಳುವುದರಿಂದ ರೋಗಿಯ ಮೊಬೈಲ್ ನೆಚ್ಚಿಕೊಳ್ಳದೆ ಕ್ಲಿನಿಕ್‌ನಲ್ಲೇ ಇಳಿಸಿಕೊಂಡೆ. ಅಲ್ಲಿಂದ ಕಳೆದುಹೋದದ್ದು ಎರಡೋ ಮೂರೋ ಅಷ್ಟೆ.

ಇದಕ್ಕಿಂತ ದೊಡ್ಡ ತಪ್ಪು ನಡೆದದ್ದು ರೋಗಿಗಳ ಎದುರಿನಲ್ಲಿ. ಎಷ್ಟು ಡೋಸ್ ತೆಗೆದುಕೊಂಡರು ಎಂಬ ಶೇಕಡಾವಾರು ಲೆಕ್ಕದ ವರದಿಯನ್ನು ಮೇಜಿನ ಮೇಲಿಟ್ಟು ಮಾತು ಶುರು ಮಾಡುತ್ತಿದ್ದೆ. ಒಬ್ಬ ತಾಯಿ ಅತ್ತರು. ಇನ್ನೊಬ್ಬರು ಬರುವುದನ್ನೇ ಬಿಟ್ಟರು. ಒಬ್ಬ ಯುವಕನಂತೂ ಭೇಟಿಯ ದಿನ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮೂವತ್ತಕ್ಕೂ ಹೆಚ್ಚು ಪಫ್ ಗಾಳಿಗೆ ಬಿಟ್ಟು ಬಂದಿದ್ದ. ಸಮಯ ಗುರುತಿಸುವ ಉಪಕರಣ ಹಾಕಿದ ಪ್ರಯೋಗಗಳಲ್ಲಿ ಈ ಚಾಳಿ 1990ರ ದಶಕದಲ್ಲೇ ಕಂಡುಬಂದಿತ್ತು. ಈಗ ವರದಿ ತೆರೆಯುವ ಮುನ್ನ ನಾನು ಕೇಳುವ ಪ್ರಶ್ನೆ ಒಂದಿದೆ. ಅದಾದ ಮೇಲೆ ಯಾರೂ ನನ್ನಿಂದ ಏನನ್ನೂ ಮುಚ್ಚಿಟ್ಟಿಲ್ಲ. ಆ ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ದಾರಿ ತೆರೆದದ್ದು ಶೇಕಡಾವಾರು ಬಿಟ್ಟು ಗಂಟೆಗಳನ್ನು ನೋಡತೊಡಗಿದಾಗ. ಬೇಕರಿಯಲ್ಲಿ ದುಡಿಯುವ ಒಬ್ಬರು ಸ್ಟೀರಾಯ್ಡ್ ಇನ್ಹೇಲರ್ ಅನ್ನು ಚಾಚೂ ತಪ್ಪದೆ ಬಳಸುತ್ತಿದ್ದರು. ಆದರೂ ಉಬ್ಬಸ ಬಂದಾಗ ತಕ್ಷಣದ ಆರಾಮಕ್ಕೆ ಎಳೆಯುವ ಸಾಲ್ಬುಟಮಾಲ್ ನಿಲ್ಲುತ್ತಿರಲಿಲ್ಲ, ಸ್ಟೀರಾಯ್ಡ್ ಡೋಸ್ ಎರಡು ಬಾರಿ ಏರಿತ್ತು. ಸಾಲ್ಬುಟಮಾಲ್ ಒತ್ತಿದ ಹೊತ್ತುಗಳನ್ನು ವಾರದ ದಿನಗಳ ಪ್ರಕಾರ ಜೋಡಿಸಿದಾಗ ಕೆಲಸದ ದಿನಗಳಲ್ಲಿ ಗುರುತುಗಳು ದಟ್ಟವಾಗಿದ್ದವು, ರಜೆಯ ದಿನ ಹೆಚ್ಚುಕಡಿಮೆ ಖಾಲಿ. ಹಿಟ್ಟಿನ ಧೂಳು! ಅವರನ್ನು ಹಿಟ್ಟು ಕಲಸುವ ಜಾಗದಿಂದ ಬೇರೆ ಕೆಲಸಕ್ಕೆ ಹಾಕಿಸಿದ ಮೇಲೆ ಡೋಸ್ ಇಳಿಸಲು ಸಾಧ್ಯವಾಯಿತು. ಬಾಯಿಮಾತಿನಲ್ಲಿ ಇದನ್ನು ಹಿಡಿಯಲು ನನಗೆ ವರ್ಷವೇ ಹಿಡಿಯುತ್ತಿತ್ತು.

ಡೋಸ್‌ನ ಹೊತ್ತನ್ನು ನೆನಪಿಸುವ ಸೆನ್ಸರ್‌ನ ಅಲಾರಂ ಬಗ್ಗೆ ಒಂದು ಮಾತು. 2015ರಲ್ಲಿ ಪ್ರಕಟವಾದ ನ್ಯೂಜಿಲೆಂಡ್‌ನ ಅಧ್ಯಯನದಲ್ಲಿ 220 ಮಕ್ಕಳಿದ್ದರು. ಅಲಾರಂ ಇದ್ದವರು ಶೇ 84ರಷ್ಟು ಡೋಸ್ ತೆಗೆದುಕೊಂಡರೆ, ಇಲ್ಲದವರು ಶೇ 30ರಷ್ಟು. ನನ್ನಲ್ಲೂ ಮಕ್ಕಳಿಗೆ ಚೆನ್ನಾಗಿ ಹಿಡಿಸಿತು. ದೊಡ್ಡವರು ಮೂರು ವಾರದೊಳಗೆ ಸದ್ದಡಗಿಸಿದರು. ಅವರಿಗೆ ಇನ್ಹೇಲರ್ ಅನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿ ಇಡಿಸಿದ್ದೇ ಹೆಚ್ಚು ಫಲ ಕೊಟ್ಟಿತು, ಸ್ಟೀರಾಯ್ಡ್ ಎಳೆದ ಮೇಲೆ ಮಾಡಬೇಕಾದ ಬಾಯಿ ಮುಕ್ಕಳಿಸುವುದೂ ಜೊತೆಗೇ ಆಯಿತು.

ದುಡ್ಡು ಉಳಿಸಲು ಕ್ಯಾನಿಸ್ಟರ್‌ಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿಯೂ ನೋಡಿದೆ. ಪಫ್‌ಗೆ ಹತ್ತಾರು ಮಿಲಿಗ್ರಾಂ ತೂಕ ಇಳಿಯುತ್ತದೆ, ಎಣಿಕೆ ಸಿಗುತ್ತದೆ, ಹೊತ್ತು ಸಿಗುವುದಿಲ್ಲ. ಐರ್ಲೆಂಡ್‌ನ ಇಂಕಾ ಉಪಕರಣ ಉಸಿರೆಳೆಯುವ ಸದ್ದನ್ನೇ ದಾಖಲಿಸುತ್ತದೆ. ಅದೇ ರೀತಿ ಮೊಬೈಲ್‌ನಲ್ಲಿ ಹಿಡಿಯಲು ಹೋಗಿ ಸುತ್ತಲಿನ ಗದ್ದಲಕ್ಕೆ ಸೋತೆ. ನಮ್ಮ ಸೆನ್ಸರ್ ಎಣಿಸುವುದು ಒತ್ತುವುದನ್ನು, ಉಸಿರನ್ನಲ್ಲ. ಆದ್ದರಿಂದ ದಾಖಲೆ ಎಷ್ಟೇ ಚೆನ್ನಾಗಿರಲಿ, ಪ್ರತಿ ಭೇಟಿಯಲ್ಲೂ ನನ್ನ ಕಣ್ಣೆದುರೇ ಒಂದು ಪಫ್ ತೆಗೆದುಕೊಳ್ಳಲು ಹೇಳುತ್ತೇನೆ. ಪುಡಿಯ ಇನ್ಹೇಲರ್ ಅನ್ನು ಮೆಲ್ಲಗೆ, ಸ್ಪ್ರೇ ಇನ್ಹೇಲರ್ ಅನ್ನು ರಭಸದಿಂದ, ಅಂದರೆ ಸರಿಯಾದದ್ದಕ್ಕೆ ತಿರುಗುಮುರುಗಾಗಿ ಎಳೆಯುವವರು ಈಗಲೂ ಸಿಗುತ್ತಾರೆ.

ಹಣ ಮರಳಿದ್ದು ಎಣಿಸದ ಕಡೆಯಿಂದ. ತೀವ್ರ ಉಬ್ಬಸಕ್ಕೆ ಕೊಡುವ ದುಬಾರಿ ಬಯಾಲಜಿಕ್ ಚುಚ್ಚುಮದ್ದಿಗೆಂದು ಬಂದ ಹನ್ನೆರಡು ಮಂದಿಯಲ್ಲಿ ಐದೋ ಆರೋ ಜನರಿಗೆ ಅದರ ಅಗತ್ಯವೇ ಇರಲಿಲ್ಲ. ಕೈಯಲ್ಲಿದ್ದ ಔಷಧಿಯನ್ನು ಸರಿಯಾಗಿ ತೆಗೆದುಕೊಂಡಾಗ ಉಬ್ಬಸ ಹತೋಟಿಗೆ ಬಂತು, ಶ್ವಾಸನಾಳದ ಉರಿಯೂತವನ್ನು ಸೂಚಿಸುವ ಉಸಿರಿನ ನೈಟ್ರಿಕ್ ಆಕ್ಸೈಡ್ ಕೂಡ ಇಳಿಯಿತು. ಒಬ್ಬರ ಒಂದು ವರ್ಷದ ಚುಚ್ಚುಮದ್ದಿನ ಖರ್ಚು ನನ್ನ ಎಲ್ಲ ಸೆನ್ಸರ್‌ಗಳ ಬೆಲೆಯನ್ನೂ ಮೀರುತ್ತದೆ.

ಬಗೆಹರಿಯದೆ ಉಳಿದಿರುವುದು ಬುಡೆಸೊನೈಡ್-ಫಾರ್ಮೊಟೆರಾಲ್ (ಸ್ಟೀರಾಯ್ಡ್ ಮತ್ತು ಶ್ವಾಸನಾಳ ಹಿಗ್ಗಿಸುವ ಔಷಧಿ ಎರಡೂ ಇರುವ ಇನ್ಹೇಲರ್) ಒಂದನ್ನೇ ನಿತ್ಯಕ್ಕೂ ತುರ್ತಿಗೂ ಬಳಸುವವರದು. ಯಾವ ಪಫ್ ನಿತ್ಯದ್ದು, ಯಾವುದು ಉಬ್ಬಸದ್ದು ಎಂದು ಸೆನ್ಸರ್ ಬೇರ್ಪಡಿಸುವುದಿಲ್ಲ. ನಡುರಾತ್ರಿಯದು ತುರ್ತಿನದು ಎಂದು ಊಹಿಸಬಹುದು, ಸಂಜೆ ಏಳರದ್ದನ್ನು ಊಹಿಸಲಾಗುವುದಿಲ್ಲ. ಸದ್ಯ ಆರು ಮಂದಿಗೆ ಎರಡು ಬಣ್ಣದ ಪಟ್ಟಿ ಅಂಟಿಸಿದ ಎರಡು ಇನ್ಹೇಲರ್ ಕೊಟ್ಟು ನೋಡುತ್ತಿದ್ದೇನೆ. ನಾಲ್ಕು ವಾರ ಕಳೆದಿದೆ, ಒಬ್ಬರು ಮಾತ್ರ ಬಣ್ಣ ಅದಲುಬದಲು ಮಾಡಿದ್ದಾರೆ.