ಹಳೇ ಗಿಟಾರಿನ ಮೂರನೇ ತಂತಿ

ಸೆಕೆಂಡ್ ಹ್ಯಾಂಡ್ ಅಕೂಸ್ಟಿಕ್ ಗಿಟಾರ್ ತಂದಿದ್ದೆ. ನಾದ ತುಂಬಾ ಚೆನ್ನಾಗಿತ್ತು. ಶ್ರುತಿ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಮೂರನೇ ತಂತಿ ಇಳಿದಿರುತ್ತಿತ್ತು. ಜೊತೆಗೆ ಬೆರಳಿಂದ ಒತ್ತದೆ ಮೀಟಿದ ಖಾಲಿ ತಂತಿಗಳೆಲ್ಲ ಸರಿಯಾಗಿದ್ದರೂ ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಅಪಸ್ವರ.

ತಂತಿ ಬಿಗಿ ಮಾಡುವ ಟ್ಯೂನಿಂಗ್ ಕೀಗಳು ಸವೆದಿವೆ, ಬದಲಾಯಿಸು ಅಂತ ನೋಡಿದವರೆಲ್ಲ ಹೇಳಿದರು. ನನಗೂ ಹಾಗೇ ಅನಿಸಿತ್ತು. ಆದರೆ ಕೀಯ ಗಿಯರ್ ಇರುವ ರೀತಿ ನೋಡಿದ ಮೇಲೆ ನಂಬಿಕೆ ಬರಲಿಲ್ಲ. ನಾವು ಕೀ ತಿರುಗಿಸಿದರೆ ಚಕ್ರ ತಿರುಗುತ್ತದೆ. ತಂತಿ ಎಷ್ಟೇ ಎಳೆದರೂ ಚಕ್ರ ಕೀಯನ್ನು ತಿರುಗಿಸಲಾರದು. ಎರಡು ಕೀಗಳ ಸ್ಕ್ರೂ ಸಡಿಲವಾಗಿದ್ದವು, ಬಿಗಿ ಮಾಡಿದೆ. ಕೀಗಳ ಕೆಲಸ ಅಲ್ಲಿಗೇ ಮುಗಿಯಿತು.

ಆಮೇಲೆ ಹೊಸ ತಂತಿ ಹಾಕಿದೆ. ಕೀ ಜೊತೆ ತಿರುಗುವ ಗೂಟಕ್ಕೆ ಎರಡು ಮೂರು ಸುತ್ತು, ಒಂದರ ಕೆಳಗೊಂದು, ಮೇಲೆ ಮೇಲೆ ಹತ್ತದ ಹಾಗೆ. ಪ್ರತಿ ತಂತಿಯನ್ನೂ ಬೆರಳಲ್ಲಿ ಮೆತ್ತಗೆ ಎಳೆದು ಮತ್ತೆ ಶ್ರುತಿ ಮಾಡಿದೆ. ನಾಲ್ಕೈದು ಸಲ ಹೀಗೆ ಮಾಡಿದ ಮೇಲೆ ಐದು ತಂತಿ ನಿಂತವು. ಮೂರನೆಯದು ಮಾತ್ರ ಹಟ ಬಿಡಲಿಲ್ಲ.

ರಾತ್ರಿ ಸದ್ದಿಲ್ಲದ ಹೊತ್ತಲ್ಲಿ ಆ ಕೀಯನ್ನು ತುಂಬಾ ನಿಧಾನವಾಗಿ ತಿರುಗಿಸಿದೆ. ಶ್ರುತಿ ತೋರಿಸುವ ಟ್ಯೂನರ್‌ನ ಮುಳ್ಳು ಅಲುಗಲೇ ಇಲ್ಲ. ಇನ್ನೂ ಸ್ವಲ್ಪ ತಿರುಗಿಸಿದೆ. ಆಗ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಮೂಳೆಯ ಪಟ್ಟಿ) ಹತ್ತಿರ 'ಟಿಂಕ್' ಅಂತ ಸಣ್ಣ ಸದ್ದು ಬಂತು, ಮುಳ್ಳು ಜಿಗಿದು ಆ ತಂತಿಯ ಜಿ ಸ್ವರವನ್ನು ದಾಟಿ ಹೋಯಿತು. ಕಳ್ಳ ಸಿಕ್ಕಿದ್ದ! ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಗೂಟದ ಕಡೆ ಒಂದು ಬಿಗಿ, ನುಡಿಸುವ ಕಡೆ ಇನ್ನೊಂದು ಬಿಗಿ. ನುಡಿಸುವಾಗ ತಂತಿ ಜಾರಿ ಎರಡೂ ಸಮವಾಗುತ್ತವೆ, ಶ್ರುತಿ ಹೋಗುತ್ತದೆ.

ತಂತಿ ಸಡಿಲಿಸಿ ಪಕ್ಕಕ್ಕಿಟ್ಟೆ. ಅದಕ್ಕಿಂತ ಸ್ವಲ್ಪ ತೆಳುವಾದ ಹಳೇ ತಂತಿಯ ತುಂಡಿಗೆ ನಯವಾದ ಉಪ್ಪು ಕಾಗದ ಸುತ್ತಿ, ಕಚ್ಚಿನ ಎರಡೂ ಗೋಡೆಗಳನ್ನು ಮಾತ್ರ ಉಜ್ಜಿದೆ. ತಳಕ್ಕೆ ತಾಗಿಸಬಾರದು. ಕಚ್ಚು ಆಳವಾಗಿಬಿಟ್ಟರೆ ತಂತಿ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ ಮೊದಲನೆಯದಕ್ಕೆ, ಅಂದರೆ ಮೊದಲ ಫ್ರೆಟ್‌ಗೆ ಬಡಿದು ಗುಂಯ್‌ಗುಡುತ್ತದೆ. ಹತ್ತು ಸಲ ಉಜ್ಜುವುದು, ತಂತಿ ಕೂರಿಸಿ ನೋಡುವುದು. ಆಮೇಲೆ ಮೆತ್ತನೆಯ ಪೆನ್ಸಿಲ್‌ನಿಂದ ಕಚ್ಚಿನೊಳಗೆ ಗೀಚಿದೆ, ಅದರ ಗ್ರಾಫೈಟ್ ಜಾರಿಕೆ ಕೊಡುತ್ತದೆ. ಟಿಂಕ್ ಸದ್ದು ನಿಂತುಹೋಯಿತು. ಆವತ್ತು ಒಂದು ಗಂಟೆ ಬಿಡದೆ ನುಡಿಸಿದೆ, ಆ ತಂತಿ ಕದಲಲಿಲ್ಲ.

ಸಿ ಕಾರ್ಡಿನ ತೊಂದರೆಯೂ ನಟ್‌ನದ್ದೇ. ಎರಡನೇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒತ್ತಿದರೆ ಟ್ಯೂನರ್ 15 ಸೆಂಟ್ ಜಾಸ್ತಿ ತೋರಿಸುತ್ತಿತ್ತು. 100 ಸೆಂಟ್ ಅಂದರೆ ಒಂದು ಫ್ರೆಟ್‌ನಷ್ಟು ಅಂತರ, ಅದರಲ್ಲಿ 15 ಕಿವಿಗೆ ಚುಚ್ಚುತ್ತದೆ ಅಲ್ವಾ. ತಂತಿ ನಟ್‌ನಲ್ಲಿ ಎತ್ತರ ಕೂತಿದ್ದರೆ ಒತ್ತುವಾಗ ಹೆಚ್ಚು ಎಳೆತ ಬಿದ್ದು ಸ್ವರ ಏರುತ್ತದೆ. ಪರೀಕ್ಷೆ ಸುಲಭ: ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್ ಮೇಲಿನ ಸಂದು ನೋಡಿ. ತೆಳು ಕಾಗದದಷ್ಟು ಸಾಕು. ನನ್ನದರಲ್ಲಿ ದಪ್ಪ ರಟ್ಟು ತೂರುತ್ತಿತ್ತು. ಈ ಸಲ ತಳವನ್ನೇ ಅರ ಹಾಕಬೇಕಾಯಿತು, ಗೂಟದ ಕಡೆಗೆ ಇಳಿಜಾರಾಗಿ. ಎರಡು ಸಂಜೆ ಹಿಡಿಯಿತು. ಇಲ್ಲಿ ಅವಸರ ಬೇಡವೇ ಬೇಡ, ಹೋದ ಮೂಳೆ ವಾಪಸ್ ಬರುವುದಿಲ್ಲ.

ಕೊನೆಗೆ 12ನೇ ಫ್ರೆಟ್ ನೋಡಿದೆ. ಅಲ್ಲಿ ತಂತಿಯನ್ನು ಸುಮ್ನೆ ಮುಟ್ಟಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದೇ ಇರಬೇಕು. ಐದು ತಂತಿಗಳಲ್ಲಿ 2 ಸೆಂಟ್ ಒಳಗೇ ಇತ್ತು. ಎರಡನೆಯದು 4 ಸೆಂಟ್ ಮೇಲಿದೆ. ಅದಕ್ಕೆ ಸ್ಯಾಡಲ್ (ಗಿಟಾರಿನ ಒಡಲಿನ ಮೇಲೆ ತಂತಿಗಳು ಒರಗುವ ಪಟ್ಟಿ) ತುದಿಯನ್ನು ಹಿಂದಕ್ಕೆ ತಿದ್ದಬೇಕು. ಮುಂದಿನ ಸಲ ತಂತಿ ಬದಲಾಯಿಸುವಾಗ ಅದಕ್ಕೆ ಕೈ ಹಾಕುತ್ತೇನೆ.