ಮೂರು ಫೆರೆಟ್‌ಗಳನ್ನು ಕಿಬಲ್‌ನಿಂದ ಹಸಿ ಮಾಂಸಕ್ಕೆ ಒಗ್ಗಿಸಿದ್ದು: ನನ್ನ ಅನುಭವ

"ಹಸಿವಾದರೆ ತಾನೇ ತಿನ್ನುತ್ತೆ ಬಿಡಿ." ಫೆರೆಟ್ ಅನ್ನುವ ಪುಟ್ಟ ಮಾಂಸಾಹಾರಿ ಪ್ರಾಣಿಯನ್ನು ಸಾಕುವವರು, ಅದರ ಆಹಾರ ಬದಲಾಯಿಸುವಾಗ ಯಾರ ಮಾತು ಕೇಳಿದರೂ ಇದೊಂದನ್ನು ಕೇಳಬೇಡಿ. ನಾಯಿಗೆ ಒಂದು ಹೊತ್ತು ಊಟ ತಪ್ಪಿದರೆ ಏನೂ ಆಗುವುದಿಲ್ಲ. ಫೆರೆಟ್ ಹಾಗಲ್ಲ. ಅದರ ಕರುಳು ತುಂಬಾ ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಆಚೆ ಬಂದುಬಿಡುತ್ತದೆ. ಅದಕ್ಕೇ ಹಗಲು ರಾತ್ರಿ ಎನ್ನದೆ ಎದ್ದು ಎದ್ದು ಸ್ವಲ್ಪ ಸ್ವಲ್ಪ ತಿನ್ನುತ್ತಿರುತ್ತದೆ. ಹಟಕ್ಕೆ ಬಿದ್ದು ಉಪವಾಸ ಕೆಡವಿದರೆ ರಕ್ತದಲ್ಲಿ ಸಕ್ಕರೆ ಇಳಿಯಬಹುದು, ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳಬಹುದು. ನಮ್ಮ ಮನೆಯ ಮೂರನ್ನೂ ಒಂದು ಹೊತ್ತೂ ಉಪವಾಸ ಹಾಕದೆ ಹಸಿ ಮಾಂಸಕ್ಕೆ ತಂದೆ. ನಿಧಾನವಾಯಿತು. ಆದರೆ ಆಯಿತು.

ನಾವಿರುವುದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ಊರಿನ ಕಡೆಯವರಿಗೆ ಫೆರೆಟ್ ಅಂದರೆ ಗೊತ್ತಾಗುವುದಿಲ್ಲ. ಫೋಟೋ ನೋಡಿದವರೆಲ್ಲ ಮುಂಗುಸಿ ಅಂತಾರೆ. ಮುಂಗುಸಿಗೂ ಇದಕ್ಕೂ ಸಂಬಂಧ ಇಲ್ಲ. ಯುರೋಪಿನ ಪೋಲ್‌ಕ್ಯಾಟ್ ಅನ್ನುವ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಪಳಗಿಸಿ ಮಾಡಿಕೊಂಡ ಪ್ರಾಣಿ ಇದು. ತುಂಗಭದ್ರೆಯಲ್ಲಿ ಈಜುವ ನಮ್ಮ ನೀರುನಾಯಿ ಬೇಕಾದರೆ ಇದರ ದೂರದ ನೆಂಟ. ಇಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ಮೊಲದ ಬಿಲಗಳ ಬಾಯಿಗೆ ಬಲೆ ಹಾಕಿ, ಒಳಗೆ ಫೆರೆಟ್ ಬಿಟ್ಟು ಮೊಲ ಹಿಡಿಯುತ್ತಾರೆ. ನಮ್ಮವು ಬೇಟೆಯ ಫೆರೆಟ್‌ಗಳಲ್ಲ. ಮೂರೂ ಯಾರೋ ಬಿಟ್ಟುಹೋದವು, ರೆಸ್ಕ್ಯೂನಿಂದ, ಅಂದರೆ ಅಂಥ ಪ್ರಾಣಿಗಳ ಆಶ್ರಯ ಕೇಂದ್ರದಿಂದ ತಂದವು. ಗುಂಡ ದೊಡ್ಡ ಗಂಡು. ಮಲ್ಲಿ ಚಿಕ್ಕ ಹೆಣ್ಣು, ಮಹಾ ಹಟಮಾರಿ. ಕಾಳಿಗೆ ವಯಸ್ಸಾಗಿದೆ. ಮೂರೂ ಹುಟ್ಟಿನಿಂದ ಕಿಬಲ್, ಅಂದರೆ ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಪ್ರಾಣಿ ಆಹಾರ, ತಿಂದೇ ಬೆಳೆದವು.

ಮಾಂಸಕ್ಕೆ ಯಾಕೆ ಬದಲಾಯಿಸಬೇಕು ಅಂತ ಕೇಳುತ್ತೀರಿ. ಫೆರೆಟ್ ಅಪ್ಪಟ ಮಾಂಸಾಹಾರಿ. ನಾರು, ಹಿಟ್ಟು ಅರಗಿಸುವ ವ್ಯವಸ್ಥೆಯೇ ಅದಕ್ಕಿಲ್ಲ ಅನ್ನಬಹುದು. ಕಾಳಿನಂಥ ಆಕಾರ ನಿಲ್ಲಬೇಕಾದರೆ ಕಿಬಲ್‌ಗೆ ಪಿಷ್ಟ ಹಾಕಲೇಬೇಕು. ಜೋಳವೋ ಬಟಾಣಿಯೋ ಆಲೂಗಡ್ಡೆಯೋ ಏನೋ ಒಂದು ಇರುತ್ತದೆ. ನಡುವಯಸ್ಸು ದಾಟಿದ ಫೆರೆಟ್‌ಗಳಿಗೆ ಇನ್ಸುಲಿನೋಮಾ ಅನ್ನುವ, ರಕ್ತದ ಸಕ್ಕರೆ ಇಳಿಸುವ ಮೇದೋಜ್ಜೀರಕದ ಗೆಡ್ಡೆ ಬರುವುದು ಜಾಸ್ತಿ. ಅದಕ್ಕೆ ಈ ಪಿಷ್ಟವೂ ಒಂದು ಕಾರಣ ಇರಬಹುದು ಅಂತ ತುಂಬಾ ವೈದ್ಯರು ಅನುಮಾನಿಸುತ್ತಾರೆ. ಸಾಬೀತಾಗಿಲ್ಲ. ಮಾಂಸ ಹಾಕಿದರೆ ಆ ಕಾಯಿಲೆ ಬರಲ್ಲ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ನನಗೆ ಇನ್ನೂ ಎರಡು ಕಾರಣ ಇದ್ದವು. ಒಂದು ಹಲ್ಲು, ಇನ್ನೊಂದು ನೀರು. ಕಿಬಲ್‌ನಲ್ಲಿ ನೀರಿನ ಅಂಶ ನೂರಕ್ಕೆ ಹತ್ತರ ಆಸುಪಾಸು. ಹಸಿ ಮಾಂಸದಲ್ಲಿ ಎಪ್ಪತ್ತರ ಹತ್ತಿರ. ಹಾಗಂತ ಒಳ್ಳೆ ಕಿಬಲ್ ತಿಂದು ಚೆನ್ನಾಗಿ ಬಾಳುವ ಫೆರೆಟ್‌ಗಳೂ ಬೇಕಾದಷ್ಟಿವೆ. ಕಿಬಲ್ ಹಾಕುವವರನ್ನು ಬೈಯುವವರ ಗುಂಪಿಗೆ ನಾನು ಸೇರಿಲ್ಲ.

ಶುರು ಮಾಡುವ ಮುಂಚೆ ಮೂರನ್ನೂ ವೆಟ್ (ಪಶುವೈದ್ಯರು) ಹತ್ತಿರ ಕರೆದುಕೊಂಡು ಹೋದೆ. ಮುಖ್ಯವಾಗಿ ಕಾಳಿಗೋಸ್ಕರ. ವಯಸ್ಸಾದ ಫೆರೆಟ್ ಆದರೆ ರಕ್ತದ ಸಕ್ಕರೆ ನೋಡಿಸದೆ ಆಹಾರಕ್ಕೆ ಕೈ ಹಾಕಲೇಬೇಡಿ. ಸುಮ್ನೆ ಒಂದೇ ಕಡೆ ದಿಟ್ಟಿಸಿ ನೋಡುವುದು, ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು, ಹಿಂಗಾಲು ಎಳೆಯುವುದು, ಇವೆಲ್ಲ ಸಕ್ಕರೆ ಇಳಿದಿರುವ ಲಕ್ಷಣ. ಆಗ ವಸಡಿಗೆ ಸ್ವಲ್ಪ ಜೇನುತುಪ್ಪ ಸವರಿ ತಕ್ಷಣ ವೆಟ್ ಹತ್ತಿರ ಓಡಬೇಕು. ಕಾಳಿಯ ಸಕ್ಕರೆ ಸರಿಯಾಗಿತ್ತು. ಆದರೂ ಅದನ್ನು ಅವಸರ ಮಾಡಬೇಡಿ ಅಂತ ವೆಟ್ ಹೇಳಿದರು.

ಇನ್ನು ಅಸಲಿ ಕಷ್ಟ. ಮೊದಲ ದಿನ ಮಲ್ಲಿಯ ಮುಂದೆ ಕೋಳಿ ತೊಡೆಯ ಒಂದು ಚೂರು ಇಟ್ಟೆ. ಮೂಸಿತು, ಮೂತಿ ಹಿಂದಕ್ಕೆಳೆದುಕೊಂಡಿತು. ಆಮೇಲೆ ಬಟ್ಟಲಿನ ಸುತ್ತ ಮೂತಿಯಿಂದ ನೆಲ ಉಜ್ಜಿ ಉಜ್ಜಿ ಅದನ್ನು ಮುಚ್ಚಿಹಾಕಲು ನೋಡಿತು. ಇದು ಸೊಕ್ಕಲ್ಲ. ಫೆರೆಟ್ ಮರಿಯಾಗಿದ್ದಾಗ ಮೊದಲ ಕೆಲವು ತಿಂಗಳಲ್ಲಿ ಯಾವ ಯಾವ ವಾಸನೆಯನ್ನು ಊಟದ ಜೊತೆ ಕಲಿಯುತ್ತದೋ ಅದಷ್ಟೇ ಅದಕ್ಕೆ ಊಟ. ಮಾಂಸ ಅಂದರೆ ತಿನ್ನುವ ವಸ್ತು ಅಂತಲೇ ಮಲ್ಲಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹಸಿವು ಕಲಿಸಲ್ಲ. ಮೂಗಿಗೆ ಕಲಿಸಬೇಕು. ಅದಕ್ಕೆ ಇರುವ ದಾರಿ ಒಂದೇ, ಗೊತ್ತಿರುವ ವಾಸನೆಯ ಒಳಗೆ ಹೊಸ ವಾಸನೆಯನ್ನು ಬಚ್ಚಿಟ್ಟು ಕೊಡುವುದು.

ನಾನು ಮಾಡಿದ್ದು ಇಷ್ಟು. ಅವು ದಿನಾ ತಿನ್ನುವ ಕಿಬಲ್ಲನ್ನೇ ಊರಿಂದ ತಂದ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಪುಡಿ ಮಾಡಿಕೊಂಡೆ. ಆ ಜಾರನ್ನು ಅಡುಗೆಗೆ ಬಳಸುವುದನ್ನು ಬಿಟ್ಟೆ. ಪುಡಿಗೆ ಬಿಸಿನೀರು ಹಾಕಿ ರಾಗಿ ಅಂಬಲಿ ಹದಕ್ಕೆ ಕಲಸಿದೆ. ಮೊದಲು ಬರೀ ಅದೇ, ಮಾಂಸ ಇಲ್ಲವೇ ಇಲ್ಲ. ಗುಂಡ ಬಟ್ಟಲಿಗೆ ಬಾಯಿ ಹಾಕಿ ನೆಕ್ಕಿದ. ಮಲ್ಲಿಗೆ ಒದ್ದೆಯಾದದ್ದೇ ಹೊಸದು. ಬೆರಳಿಗೆ ಹಚ್ಚಿಕೊಂಡು ತುಟಿಯ ಪಕ್ಕ ಸವರಿದೆ. ನಾಲಿಗೆ ತಾನಾಗಿ ಹೊರಬಂತು. ಒಂದು ಹನಿ ಸಾಲ್ಮನ್ ಎಣ್ಣೆ ಮೇಲೆ ಬಿಟ್ಟರೆ ಇನ್ನೂ ಬೇಗ ನೆಕ್ಕುತ್ತಿತ್ತು. ಮೂರೂ ಈ ಅಂಬಲಿಯನ್ನು ಕೇಳಿ ಕೇಳಿ ತಿನ್ನುವ ತನಕ ಮುಂದಕ್ಕೆ ಹೋಗಲಿಲ್ಲ. ಆಮೇಲೆ ಕಾಲು ಚಮಚ ಕೋಳಿ ಕೈಮಾ ಸೇರಿಸಿದೆ. ವಾಸನೆಯೂ ಗೊತ್ತಾಗದಷ್ಟು. ಅದು ಸಲೀಸಾದಮೇಲೆ ಅರ್ಧ ಚಮಚ, ಹಾಗೇ ಜಾಸ್ತಿ ಮಾಡುತ್ತಾ ಹೋದೆ. ಕೈಮಾ ಜಾಸ್ತಿಯಾದ ಹಾಗೆ ಕಿಬಲ್ ಪುಡಿ ಕಮ್ಮಿ. ಮಲ್ಲಿ ಮೂತಿ ತಿರುಗಿಸಿದ ದಿನ ಒಂದು ಹೆಜ್ಜೆ ಹಿಂದಕ್ಕೆ, ಅಷ್ಟೆ. ಮತ್ತೆ ಮುಂದಕ್ಕೆ.

ಎರಡು ವಿಷಯ ಇಲ್ಲಿ ಗಮನಿಸಿ. ಫ್ರಿಜ್‌ನಿಂದ ತೆಗೆದ ತಣ್ಣನೆ ಮಾಂಸಕ್ಕೆ ವಾಸನೆ ಬರಲ್ಲ, ಅವು ಮುಟ್ಟುವುದೂ ಇಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ ಕೊಡಿ. ಮೈಕ್ರೋವೇವ್ ಬೇಡ. ಕೈಮಾದಲ್ಲಿ ಮೂಳೆ ಇದ್ದರೆ ಅದು ಬೆಂದುಬಿಡುತ್ತದೆ. ಇನ್ನೊಂದು, ಈ ಎಲ್ಲ ದಿನಗಳಲ್ಲೂ ಒಣ ಕಿಬಲ್‌ನ ಬಟ್ಟಲು ಅದರ ಮಾಮೂಲಿ ಜಾಗದಲ್ಲಿ ಇದ್ದೇ ಇತ್ತು. ಅಂಬಲಿ ಕೊಡುವ ಒಂದೆರಡು ಗಂಟೆ ಮುಂಚೆ ಮಾತ್ರ ಎತ್ತಿಡುತ್ತಿದ್ದೆ, ಹಸಿವು ಸ್ವಲ್ಪ ಚುರುಕಾಗಲಿ ಅಂತ. ತಿಂದರೂ ತಿನ್ನದಿದ್ದರೂ ಮತ್ತೆ ಇಡುತ್ತಿದ್ದೆ. ಕಾಳಿಗೆ ಅಷ್ಟು ಹೊತ್ತೂ ಎತ್ತಿಡಲಿಲ್ಲ.

ಕೈಮಾದಿಂದ ತುಂಡಿಗೆ ಬರುವುದು ಬೇರೆಯದೇ ಪಾಠ. ಕಿಬಲ್ ತಿಂದ ಫೆರೆಟ್‌ಗೆ ಕಟಂ ಅನ್ನುವ ಸದ್ದು ಬೇಕು. ಮಾಂಸ ಜಗಿಯುವ ಅಭ್ಯಾಸ ದವಡೆಗೆ ಇರುವುದಿಲ್ಲ. ಕತ್ತರಿಯಿಂದ ಕೋಳಿ ತೊಡೆಯನ್ನು ಬೆರಳಗಲದ ತೆಳು ಎಳೆಗಳಾಗಿ ಕತ್ತರಿಸಿ ಕೈಮಾದೊಳಗೆ ಹೂತಿಟ್ಟೆ. ಗುಂಡ ನೋಡದೆಯೇ ನುಂಗಿದ. ಮಲ್ಲಿ ಒಂದೊಂದು ಎಳೆಯನ್ನೂ ಆರಿಸಿ ಪಕ್ಕಕ್ಕಿಟ್ಟಿತು. ಎಳೆಯನ್ನು ಒಣ ಕಿಬಲ್ ಪುಡಿಯಲ್ಲಿ ಹೊರಳಿಸಿ ಕೊಟ್ಟಮೇಲೆ ಬಾಯಿಗೆ ಹಾಕಿಕೊಂಡಿತು. ಆ ಪುಡಿ ಲೇಪವೇ ಮಲ್ಲಿಯನ್ನು ದಾಟಿಸಿದ್ದು. ಈಗ ಕೋಳಿ ರೆಕ್ಕೆ ಕೊಟ್ಟರೆ ಮುಂಗಾಲು ಅದರ ಮೇಲೆ ಊರುತ್ತದೆ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿಕೊಂಡು ಹಿಂದಿನ ಹಲ್ಲಿನಿಂದ ಕಡಿಯುತ್ತದೆ. ಮೂಳೆ ಪುಡಿಯಾಗುವ ಸದ್ದು ಹಾಲ್‌ವರೆಗೂ ಕೇಳಿಸುತ್ತದೆ. ಹಲ್ಲಿನ ಬುಡದಲ್ಲಿದ್ದ ಕಂದು ಪಾಚಿ ಎಷ್ಟೋ ಕಮ್ಮಿಯಾಗಿದೆ.

ಮೂಳೆ ಅಂದೆನಲ್ಲ, ಅಮ್ಮ ವಿಡಿಯೋ ಕಾಲ್‌ನಲ್ಲಿ ಇದನ್ನು ನೋಡಿ ಗಾಬರಿಯಾದರು. "ಹಸೀದು ಯಾಕ್ ಕೊಡ್ತೀಯೇ, ಒಂದು ಕುದಿ ಕುದಿಸಿ ಕೊಡು ಪಾಪ, ಹೊಟ್ಟೆ ಕೆಟ್ಟೀತು" ಅಂದರು. ನಾನು "ಬೇಯಿಸಿದರೇನೇ ಅಪಾಯ ಅಮ್ಮ" ಅಂದೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚಬಹುದು. ಹಸಿ ಮೂಳೆ ಮೆತ್ತಗೆ ಪುಡಿಯಾಗುತ್ತದೆ. ಅದೂ ಚಿಕ್ಕ ಮೂಳೆ ಮಾತ್ರ: ಕೋಳಿ ರೆಕ್ಕೆ, ಕುತ್ತಿಗೆ, ಕ್ವೈಲ್ ಹಕ್ಕಿ. ಕುರಿಯ ಕಾಲಿನ ಮೂಳೆ ಕೊಟ್ಟರೆ ಹಲ್ಲು ಮುರಿದೀತು. ಅಲ್ಲದೆ ಕುದಿಸಿದ ನೀರಿನ ಜೊತೆ ಮಾಂಸದಲ್ಲಿರುವ ಟಾರಿನ್ ಅನ್ನುವ ಪೋಷಕಾಂಶ ಹೋಗಿಬಿಡುತ್ತದೆ. ಫೆರೆಟ್‌ನ ಕಣ್ಣಿಗೂ ಹೃದಯಕ್ಕೂ ಟಾರಿನ್ ಬೇಕೇ ಬೇಕು.

ಬರೀ ಕೋಳಿ ಎದೆ ಮಾಂಸ ಹಾಕಿ "ನಾವು ರಾ (ಹಸಿ ಆಹಾರ) ಕೊಡ್ತೀವಿ" ಅನ್ನುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ಇಲ್ಲಿ ಹೆಚ್ಚಿನವರು ಅನುಸರಿಸುವ ಲೆಕ್ಕ ಹೀಗೆ: ನೂರಕ್ಕೆ ಎಂಬತ್ತು ಪಾಲು ಮಾಂಸ, ಹತ್ತು ಪಾಲು ಮೂಳೆ, ಐದು ಪಾಲು ಲಿವರ್, ಇನ್ನೈದು ಪಾಲು ಕಿಡ್ನಿಯಂಥದ್ದು. ಆ ಎಂಬತ್ತರಲ್ಲಿ ಹತ್ತು ಹದಿನೈದು ಪಾಲು ಹೃದಯ ಇರಬೇಕು. ಟಾರಿನ್ ಜಾಸ್ತಿ ಇರುವುದೇ ಅದರಲ್ಲಿ. ಪ್ರತಿ ಊಟಕ್ಕೂ ತಕ್ಕಡಿ ಹಿಡಿಯಬೇಕಿಲ್ಲ, ವಾರದಲ್ಲಿ ಸರಿಹೋದರೆ ಸಾಕು. ಲಿವರ್ ಮಾತ್ರ ಅಳತೆ ಮೀರಬಾರದು, ವಿಟಮಿನ್ ಎ ವಿಪರೀತವಾಗುತ್ತದೆ. ಇಲ್ಲಿನ ಕಸಾಯಿ ಅಂಗಡಿಗಳಲ್ಲಿ ಕುರಿ ಹೃದಯ, ಕಿಡ್ನಿ ತುಂಬಾ ಅಗ್ಗ, ಕೇಳುವವರೇ ಕಮ್ಮಿ. ಮಂಡ್ಯದ ಕಡೆ ಬೋಟಿ, ಲಿವರ್‌ಗೆ ಭಾನುವಾರ ಬೆಳಿಗ್ಗೆ ಸಾಲು ನಿಲ್ಲುವುದನ್ನು ನೋಡಿ ಬೆಳೆದವಳಿಗೆ ಅದು ಆಶ್ಚರ್ಯವೇ. ಮೊಲದ ಮಾಂಸ ಫೆರೆಟ್‌ಗೆ ತುಂಬಾ ಒಳ್ಳೆಯದು. ಆದರೆ ಬಂದೂಕಿನಿಂದ ಹೊಡೆದ ಮೊಲ ಬೇಡ, ಒಳಗೆ ಸೀಸದ ಚರೆ ಇರಬಹುದು. ಬಲೆಯಲ್ಲಿ ಹಿಡಿದದ್ದಾ ಅಂತ ಕೇಳಿಯೇ ತರುತ್ತೇನೆ. ಹೆಪ್ಪುಗಟ್ಟಿಸಿದ ಒಂದು ದಿನದ ಕೋಳಿಮರಿ, ಇಲಿ ಇಲ್ಲಿನ ಪೆಟ್ ಅಂಗಡಿಗಳಲ್ಲಿ ಸಿಗುತ್ತವೆ. ಮರಿಗಳನ್ನೇ ದಿನಾ ಹಾಕಿದರೆ ಪೋಷಣೆ ಸಾಲದು, ಅಪರೂಪಕ್ಕೆ ಸರಿ. ಇಲಿ ಕೊಡುವುದು ನನಗೆ ಮನಸ್ಸಿಗೆ ಕಷ್ಟ, ಆದರೂ ಕೊಡುತ್ತೇನೆ, ಯಾಕೆಂದರೆ ಮಾಂಸ, ಮೂಳೆ, ಅಂಗಾಂಗ ಎಲ್ಲ ಅದರಲ್ಲಿ ಸರಿಯಾದ ಅಳತೆಯಲ್ಲೇ ಇರುತ್ತದೆ. ಜೀವಂತ ಪ್ರಾಣಿ ಹಾಕುವ ಮಾತೇ ಇಲ್ಲ.

ಸರಿ ಹೋಗುತ್ತಿದೆಯೋ ಇಲ್ಲವೋ ಅಂತ ಹೇಳುವುದು ಕಕ್ಕ. ದಿನಾ ನೋಡಿ. ಮಾಂಸಕ್ಕೆ ಬಂದಮೇಲೆ ಅದು ಕಮ್ಮಿಯಾಗುತ್ತದೆ, ಗಾಢ ಬಣ್ಣ ಬರುತ್ತದೆ, ವಾಸನೆಯೂ ಇಳಿಯುತ್ತದೆ. ಬೆಳ್ಳಗೆ ಸುಣ್ಣದ ಹಾಗೆ ಉದುರಿದರೆ ಮೂಳೆ ಜಾಸ್ತಿಯಾಗಿದೆ. ತುಂಬಾ ತೆಳ್ಳಗಿದ್ದರೆ ಲಿವರ್, ಕಿಡ್ನಿ ಜಾಸ್ತಿಯಾಗಿರಬಹುದು. ಬದಲಾವಣೆಯ ದಿನಗಳಲ್ಲಿ ಒಂದೆರಡು ಸಲ ಹಸಿರು ಲೋಳೆ ಕಂಡರೆ ನಿಧಾನ ಮಾಡಿ, ನಿಲ್ಲದಿದ್ದರೆ ವೆಟ್ ಹತ್ತಿರ ಹೋಗಿ. ಡಾಂಬರಿನ ಹಾಗೆ ಕಪ್ಪಗೆ ಅಂಟಿಕೊಂಡಿದ್ದರೆ, ಹಿಂದಿನ ಊಟದಲ್ಲಿ ರಕ್ತ, ಲಿವರ್ ಜಾಸ್ತಿ ಇರಲಿಲ್ಲ ಅಂದರೆ, ಕಾಯಬೇಡಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು.

ತೂಕ ನೋಡುವಾಗ ಒಂದು ತೊಡಕಿದೆ. ಫೆರೆಟ್‌ಗಳು ಶರತ್ಕಾಲದಲ್ಲಿ ದಪ್ಪಗಾಗುತ್ತವೆ, ವಸಂತ ಬಂದಾಗ ಇಳಿಯುತ್ತವೆ. ಕೆಲವು ಗಂಡುಗಳಲ್ಲಿ ನೂರಕ್ಕೆ ಮೂವತ್ತು ನಲವತ್ತರಷ್ಟು ಏರಿಳಿತ ಇರುತ್ತದೆ. ವಸಂತದಲ್ಲಿ ಆಹಾರ ಬದಲಾಯಿಸಿದರೆ ಇಳಿದದ್ದು ಋತುವಿನಿಂದಲೋ ತಿನ್ನದೆಯೋ ಗೊತ್ತಾಗಲ್ಲ. ಅದಕ್ಕೇ ನಾನು ಬೇಸಿಗೆ ಮುಗಿಯುವ ಹೊತ್ತಿಗೆ ಶುರು ಮಾಡಿದೆ. ತೂಕ ಏರಬೇಕಾದ ಕಾಲದಲ್ಲಿ ಇಳಿದರೆ ಎಲ್ಲೋ ಎಡವಟ್ಟಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ ಅಲ್ವಾ? ಅಡುಗೆಮನೆಯ ತಕ್ಕಡಿ ಮೇಲೆ ಬಟ್ಟಲು ಇಟ್ಟು, ಬಟ್ಟಲಿಗೆ ಸಾಲ್ಮನ್ ಎಣ್ಣೆ ಬಿಟ್ಟರೆ ನೆಕ್ಕುತ್ತಾ ಅಲುಗದೆ ಕೂರುತ್ತವೆ. ನಮ್ಮಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 60ರಿಂದ 80 ಗ್ರಾಂ ಮಾಂಸ ಖರ್ಚಾಗುತ್ತದೆ, ಚಳಿ ಹತ್ತಿರವಾದಾಗ ಇನ್ನೂ ಜಾಸ್ತಿ.

ಶುಚಿಯ ವಿಷಯದಲ್ಲಿ ನಾನು ರಾಜಿ ಆಗಲ್ಲ. ಫೆರೆಟ್‌ಗಳಿಗೆ ಊಟ ಬಚ್ಚಿಡುವ ಅಭ್ಯಾಸ. ಕಿಬಲ್ ಆದರೆ ಸೋಫಾ ಕೆಳಗೆ ಇದ್ದರೂ ತೊಂದರೆ ಇರಲಿಲ್ಲ, ಮಾಂಸ ಹಾಗಲ್ಲ. ಅದಕ್ಕೇ ಊಟ ಗೂಡಿನೊಳಗೇ, ತೊಳೆಯಬಹುದಾದ ಬಟ್ಟೆಯ ಮೇಲೆ. ಮುಗಿದಮೇಲೆ ಬಚ್ಚಿಡುವ ಜಾಗಗಳನ್ನೆಲ್ಲ ಕೈಯಾಡಿಸಿ ನೋಡುತ್ತೇನೆ. ಫ್ರೀಜರ್‌ನಲ್ಲಿಟ್ಟರೆ ಸಾಲ್ಮೊನೆಲ್ಲಾ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ. ಮನೆಯಲ್ಲಿ ಬಸುರಿ, ಎಳೆ ಮಗು, ರೋಗನಿರೋಧಕ ಶಕ್ತಿ ಕಮ್ಮಿ ಇರುವವರು ಇದ್ದರೆ ಹಸಿ ಮಾಂಸ ಬೇಡ ಅಂತಲೇ ನಾನು ಹೇಳುತ್ತೇನೆ. ಹಕ್ಕಿಜ್ವರದ ಭಯವೂ ನಿಜವಾದದ್ದೇ. ಫ್ಲೂ (ಇನ್‌ಫ್ಲುಯೆಂಜಾ) ಜ್ವರದ ವೈರಸ್ ಫೆರೆಟ್‌ಗೆ ತುಂಬಾ ಸುಲಭವಾಗಿ ಅಂಟುತ್ತದೆ. 1933ರಲ್ಲಿ ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಇದೇ ದೇಶದ ವಿಜ್ಞಾನಿಗಳು ಬೇರ್ಪಡಿಸಿದ್ದು ಫೆರೆಟ್‌ಗಳ ಸಹಾಯದಿಂದಲೇ. ಅವರಲ್ಲೊಬ್ಬರಾದ ವಿಲ್ಸನ್ ಸ್ಮಿತ್ ಅವರಿಗೆ ಸೀನಿದ ಫೆರೆಟ್‌ನಿಂದಲೇ ಜ್ವರ ಬಂದಿತ್ತು. ಹಾಗಾಗಿ ಕೋಳಿ, ಕ್ವೈಲ್ ಏನಿದ್ದರೂ ಮನುಷ್ಯರು ತಿನ್ನಲು ಮಾರುವ, ತಪಾಸಣೆಯಾದ ಮಾಂಸವನ್ನೇ ತರುತ್ತೇನೆ. ಕಾಡುಹಕ್ಕಿ ಯಾರು ಪುಕ್ಕಟೆ ಕೊಟ್ಟರೂ ಬೇಡ.

ಗುಂಡ, ಮಲ್ಲಿ ಪೂರ್ತಿ ಮಾಂಸಕ್ಕೆ ಬಂದಿವೆ. ಕಾಳಿ ಮೂಳೆ ತನಕ ಬರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಅದಕ್ಕೆ ಮೂಳೆ ಸಮೇತ ರುಬ್ಬಿದ ಕೈಮಾದ ಅಂಬಲಿ, ಜೊತೆಗೆ ಪಕ್ಕದಲ್ಲಿ ಒಳ್ಳೆ ಕಿಬಲ್. ತಿಂದು ಚೆನ್ನಾಗಿದೆ. ಆಮೇಲೆ ಇನ್ನೊಂದು, ಪೂರ್ತಿ ಬದಲಾದಮೇಲೂ ವಾರಕ್ಕೊಂದು ಸಲ ಎರಡು ಕಾಳು ಕಿಬಲ್ ಬಾಯಿಗೆ ಹಾಕುತ್ತಿರಿ. ನೀವು ಊರಿಗೆ ಹೋದಾಗ ನೋಡಿಕೊಳ್ಳುವವರು ಮಾಂಸ ಮುಟ್ಟದೇ ಇರಬಹುದು, ಆಸ್ಪತ್ರೆಯಲ್ಲಿ ಒಂದು ರಾತ್ರಿ ಇರಿಸಿಕೊಂಡರೆ ಅಲ್ಲಿ ಸಿಗುವುದೂ ಅದೇ. ಮೂಗಿಗೆ ಆ ವಾಸನೆ ಮರೆತುಹೋಗಬಾರದು.